ನಿಕಾನ್ 200–500 ಲೆನ್ಸು: ಕೋಡಿಬೆಂಗ್ರೆಯ ಕೆಸರಿನಲ್ಲಿ ಒಂದು ಚಳಿಗಾಲ

ಮೊದಲೇ ಹೇಳಿಬಿಡುತ್ತೇನೆ, ಈ ಲೆನ್ಸು ಭಾರ. ಟ್ರೈಪಾಡಿಗೆ ಕೂರಿಸುವ ಕಾಲರ್ ಸೇರಿ 2300 ಗ್ರಾಂ. ಅದಕ್ಕೆ ನನ್ನ ಡಿ7500 ಕ್ಯಾಮೆರಾ ಬಾಡಿ ಸೇರಿದರೆ ಮೂರು ಕಿಲೋ. ಮೂರು ಕಿಲೋ ಅಂದರೆ ಸಂತೆಯಿಂದ ತರುವ ತರಕಾರಿ ಚೀಲದಷ್ಟೇ ಅಲ್ವಾ ಅನ್ನಿಸಬಹುದು. ಆದರೆ ತರಕಾರಿ ಚೀಲವನ್ನು ಯಾರೂ ಕಣ್ಣಿನ ಮಟ್ಟಕ್ಕೆ ಎತ್ತಿ, ಹತ್ತು ನಿಮಿಷ ಅಲುಗಾಡದೆ ಹಿಡಿದು ನಿಲ್ಲುವುದಿಲ್ಲ.

ಪೂರ್ತಿ ಹೆಸರು ನಿಕಾನ್ ಎಎಫ್-ಎಸ್ ನಿಕ್ಕೋರ್ 200–500 ಎಂಎಂ ಎಫ್ 5.6ಇ ಇಡಿ ವಿಆರ್. ಎಂಎಂ ಜಾಸ್ತಿ ಆದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. ಬಂದದ್ದು 2015ರಲ್ಲಿ. ಅಂದರೆ ಹಳೆಯ ಲೆನ್ಸಿನ ಬಗ್ಗೆ ಈಗ ಯಾಕೆ ಬರೆಯುತ್ತಿದ್ದೇನೆ ಅಂತ ಕೇಳಬಹುದು. 2023ರಲ್ಲಿ ನಿಕಾನಿನವರೇ ಮಿರರ್‌ಲೆಸ್ ಕ್ಯಾಮೆರಾಗಳಿಗೆ 180–600 ಲೆನ್ಸು ತಂದರು, ಆಮೇಲೆ ಹಳೆ ಕ್ಯಾಮೆರಾ ಮಾರಿ ಹೊಸದಕ್ಕೆ ಹೋಗುವವರು ಇದನ್ನೂ ಜೊತೆಗೆ ಬಿಡುತ್ತಿದ್ದಾರೆ. ನನ್ನ ಹಾಗೆ ಹಳೆ ಡಿಎಸ್ಎಲ್ಆರ್ ಹಿಡಿದುಕೊಂಡು ಕೂತವರಿಗೆ ಒಳ್ಳೆ ಕಾಲ. ನಾನು ಅಕ್ಟೋಬರಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ, ನವೆಂಬರಿಂದ ಫೆಬ್ರವರಿವರೆಗೆ ಸುಮಾರು ಇಪ್ಪತ್ತು ಸಂಜೆ ಬಳಸಿದೆ. ಎಲ್ಲ ಉಡುಪಿ ಹತ್ತಿರದ ಕೋಡಿಬೆಂಗ್ರೆ, ಹೂಡೆ ಕಡೆಯ ಕೆಸರಿನಲ್ಲಿ. ತೆಗೆದದ್ದು ಹೆಚ್ಚುಕಮ್ಮಿ ವೇಡರ್‌ಗಳನ್ನೇ, ಅಂದರೆ ನೀರಿನ ಅಂಚಲ್ಲಿ ಕೆಸರು ಕುಕ್ಕಿ ತಿನ್ನುವ ಗೊರವ, ಪ್ಲವರ್ ಜಾತಿಯವನ್ನು. ಮಿಂಚುಳ್ಳಿಗೆ, ಹುಲಿಗೆ, ಮದುವೆಗೆ ಈ ಲೆನ್ಸು ಹೇಗೆ ಅಂತ ನನ್ನನ್ನು ಕೇಳಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಎರಡು ಮಾತು. ನಾನು ಮೊದಲು ನೋಡಿದ ಲೆನ್ಸು ಇಲ್ಲೇ ಹತ್ತಿರದವರದ್ದು, ಹೊರಗಿನಿಂದ ಲಕಲಕ ಹೊಳೆಯುತ್ತಿತ್ತು. ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಾಕಿ ನೋಡಿದರೆ ಒಳಗೆ ಜೇಡರ ಬಲೆಯ ಹಾಗೆ ಫಂಗಸ್. ನಮ್ಮ ಮಳೆಗಾಲದಲ್ಲಿ ನಾಲ್ಕು ತಿಂಗಳು ಬ್ಯಾಗಿನೊಳಗೇ ಬಿಟ್ಟರೆ ಲೆನ್ಸಿಗೂ ಉಪ್ಪಿನಕಾಯಿಗೂ ಒಂದೇ ಗತಿ. ಕೊನೆಗೆ ಬೆಂಗಳೂರಿನಿಂದ ಒಬ್ಬರದ್ದು ತಂದೆ. ಎರಡನೆಯದು, ಹೆಸರಿನಲ್ಲಿ 5.6ಕ್ಕೆ ಅಂಟಿಕೊಂಡಿರುವ 'ಇ' ಅಕ್ಷರ ನೋಡಿಕೊಳ್ಳಿ. ಇದರ ಅಪರ್ಚರ್, ಅಂದರೆ ಬೆಳಕು ಒಳಗೆ ಬಿಡುವ ಕಂಡಿ, ವಿದ್ಯುತ್ತಿನಿಂದ ಕೆಲಸ ಮಾಡುತ್ತದೆ, ಡಿ90 ತರದ ಹಳೆ ಬಾಡಿಗೆ ಹಾಕಿದರೆ ಅಪರ್ಚರ್ ಬದಲಿಸಲಿಕ್ಕೆ ಆಗುವುದಿಲ್ಲ. ಅಣ್ಣನ ಹಳೆ ಕ್ಯಾಮೆರಾ ಉಂಟಲ್ಲ, ಅದಕ್ಕೆ ಹಾಕಿದರಾಯಿತು ಅಂದುಕೊಂಡು ಹೋಗಬೇಡಿ.

ಈಗ ಜಾಗದ ಬಗ್ಗೆ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಲೆನ್ಸಿನ ಮಾತು ಅರ್ಥವಾಗುವುದಿಲ್ಲ. ಸ್ವರ್ಣಾ, ಸೀತಾ ಎರಡೂ ಹೊಳೆ ಸಮುದ್ರ ಸೇರುವ ಜಾಗ ಅದು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಉದ್ದಕ್ಕೆ ಮರಳಿನ ನಾಲಿಗೆ. ಆಚೆ ದಡದ ಹಂಗಾರಕಟ್ಟೆಗೆ ಬಾರ್ಜ್ ಹೋಗುತ್ತದೆ. ಇಳಿತ ಬಂದಾಗ ಹೊಳೆಯ ಬದಿಯಲ್ಲಿ ಕೆಸರು ತೆರೆದುಕೊಳ್ಳುತ್ತದೆ, ಹಕ್ಕಿಗಳು ಇಳಿಯುತ್ತವೆ. ಪೆಸಿಫಿಕ್ ಗೋಲ್ಡನ್ ಪ್ಲವರ್ ಮರಿ ಮಾಡುವುದು ಸೈಬೀರಿಯಾ, ಅಲಾಸ್ಕಾದ ಬಯಲಿನಲ್ಲಿ. ಸ್ಯಾಂಡ್ ಪ್ಲವರ್‌ಗಳಲ್ಲಿ ಕೆಲವು ಲಡಾಖ್, ಟಿಬೆಟ್ ಕಡೆಯವು. ಅಲ್ಲೆಲ್ಲ ಹಿಮ ಬೀಳುವಾಗ ಇಲ್ಲಿಗೆ ಬರುತ್ತವೆ. ನಮಗೆ ಚಳಿಗಾಲ ಅಂದರೆ ಬೆಳಗ್ಗೆ ಒಂದು ಗಂಟೆ ಫ್ಯಾನ್ ಆಫ್ ಮಾಡುವುದು, ಅವಕ್ಕೆ ಇದೇ ಬೆಚ್ಚನೆ ಊರು.

ಫೋಟೋ ತೆಗೆಯುವವರಿಗೆ ಇಲ್ಲಿ ಒಂದು ತಕರಾರು ಉಂಟು. ಬೆಳಗ್ಗೆ ಹೋಗಬೇಕು ಅಂತ ಎಲ್ಲರೂ ಹೇಳುತ್ತಾರಲ್ಲ, ಇಲ್ಲಿ ಅದು ನಡೆಯುವುದಿಲ್ಲ. ಹೊಳೆ ಇರುವುದು ಪೂರ್ವಕ್ಕೆ. ಬೆಳಗ್ಗೆ ಕೆಸರಿನ ಕಡೆ ಮುಖ ಮಾಡಿದರೆ ಸೂರ್ಯ ನೇರ ಕಣ್ಣಿಗೆ, ಹಕ್ಕಿ ಎಲ್ಲ ಕಪ್ಪು ಕಪ್ಪು. ಸಂಜೆ ಆದರೆ ಸೂರ್ಯ ನಿಮ್ಮ ಬೆನ್ನ ಹಿಂದೆ ಕಡಲಿನ ಮೇಲಿರುತ್ತಾನೆ. ಹಾಗಾಗಿ ಬೇಕಾದದ್ದು ಮಧ್ಯಾಹ್ನ ಮೂರರ ಹೊತ್ತಿಗೆ ಪೂರ್ತಿ ಇಳಿತ ಆಗಿ, ಆಮೇಲೆ ನೀರು ಏರುತ್ತಾ ಬರುವ ದಿನ. ಭರತ-ಇಳಿತ ದಿನಕ್ಕೆ ಐವತ್ತು ನಿಮಿಷದಷ್ಟು ಮುಂದೆ ಹೋಗುತ್ತದೆ, ಅಂದರೆ ಹದಿನೈದು ದಿನಕ್ಕೆ ನಾಲ್ಕೈದು ಸಂಜೆ ಮಾತ್ರ ಲೆಕ್ಕ ಸರಿಹೊಂದುವುದು. ಅದರಲ್ಲಿ ಎರಡು ದಿನ ಆಫೀಸು, ಒಂದು ದಿನ ಯಾರದ್ದೋ ಮುಂಜಿ.

ಸರಿ, ಲೆನ್ಸಿಗೆ ಬರೋಣ. ಮೊದಲ ಎರಡು ವಾರ ನನಗೆ ಒಂದೇ ಒಂದು ಒಳ್ಳೆ ಫೋಟೋ ಸಿಗಲಿಲ್ಲ. ತಪ್ಪು ಲೆನ್ಸಿನದ್ದು ಅಂತ ನಾನು ಮನೆಯಲ್ಲಿ ಎಲ್ಲರ ಹತ್ತಿರ ಹೇಳಿದೆ. ನಡೆದದ್ದು ಏನೆಂದರೆ, 500 ಎಂಎಂ ಬಂತಲ್ಲ, ಇನ್ನು ಎಷ್ಟು ದೂರದ ಹಕ್ಕಿಯೂ ಸಿಗುತ್ತದೆ ಅಂತ ನಾನು ಕೆಸರಿನಲ್ಲಿ ಮೊಣಕಾಲುದ್ದ ಹೂತುಕೊಂಡು ಹಕ್ಕಿಗಳ ಹಿಂದೆ ನಡೆದೆ. ಐವತ್ತು ಮೀಟರ್ ಇರುವಾಗಲೇ ಕೆಂಪು ಕಾಲಿನ ರೆಡ್‌ಶ್ಯಾಂಕ್ ತಲೆ ಕುಣಿಸಲಿಕ್ಕೆ ಸುರು ಮಾಡುತ್ತದೆ. ಇನ್ನು ನಾಲ್ಕು ಹೆಜ್ಜೆ ಇಟ್ಟರೆ ಟ್ಯೂ-ಹು-ಹು ಅಂತ ಕೂಗಿ ಹಾರುತ್ತದೆ, ಅದರ ಜೊತೆಗೆ ಬೇರೆ ಎಲ್ಲವನ್ನೂ ಎಬ್ಬಿಸಿಕೊಂಡು ಹೋಗುತ್ತದೆ. ವಠಾರದಲ್ಲಿ ಒಬ್ಬರು ಅಜ್ಜಿ ಇರುತ್ತಾರಲ್ಲ, ಗೇಟು ಕಿರ್ ಅಂದರೆ ಸಾಕು ಯಾರದು ಅಂತ ಕೇಳುವವರು, ಹಾಗೆ.

ಮೂರನೆಯ ವಾರ ಸಾಕಾಯಿತು. ಕೈ ಸೋತಿತ್ತು, ಒಂದು ಚಪ್ಪಲಿ ಕೆಸರಿನ ಪಾಲಾಗಿತ್ತು, ಅಂಗಾಲಿಗೆ ಚಿಪ್ಪು ತಾಗಿ ರಕ್ತ ಬರುತ್ತಿತ್ತು. ನೀರಿನ ಅಂಚಿನಿಂದ ಸ್ವಲ್ಪ ಹಿಂದೆ, ಗಟ್ಟಿ ಮರಳು ಇದ್ದಲ್ಲಿ ಸುಮ್ನೆ ಕೂತುಬಿಟ್ಟೆ. ಕಾಲು ಗಂಟೆ ಆಗಿರಬಹುದು. ನೀರು ಏರುತ್ತಾ ಬಂತು, ನೀರಿನ ಜೊತೆಗೆ ಹಕ್ಕಿಗಳೂ ಬಂದವು. ಕೆಸರು ಮುಳುಗುತ್ತಾ ಬಂದ ಹಾಗೆ ಅವಕ್ಕೆ ಬೇರೆ ದಾರಿ ಇಲ್ಲ, ಒಣಗಿದ ಕಡೆಗೆ, ಅಂದರೆ ನನ್ನ ಕಡೆಗೇ ಬರಬೇಕು. ಸ್ಯಾಂಡ್ ಪ್ಲವರ್ ಒಂದು ಓಡಿ ಬಂದು, ನಿಂತು, ಕುಕ್ಕಿ, ಮತ್ತೆ ಓಡಿ, ಕೊನೆಗೆ ಎಷ್ಟು ಹತ್ತಿರ ಬಂತು ಅಂದರೆ ನಾನು ಉಸಿರು ಬಿಡಲಿಕ್ಕೂ ಹೆದರಿದೆ. ಈ ಲೆನ್ಸಿನ ದೊಡ್ಡ ದೋಷ ಅಂತ ಎಲ್ಲರೂ ಹೇಳುವ ಭಾರ ಇದೆಯಲ್ಲ, ಅದೇ ನನ್ನನ್ನು ಕೂರಿಸಿದ್ದು. ಹಗುರ ಲೆನ್ಸು ಇದ್ದಿದ್ದರೆ ನಾನು ಇಡೀ ಚಳಿಗಾಲ ಹಕ್ಕಿ ಓಡಿಸುತ್ತಲೇ ಇರುತ್ತಿದ್ದೆನೋ ಏನೋ.

ಲೆಕ್ಕ ಹಾಕಿ ನೋಡಿ. ಡಿ7500ರ ಸೆನ್ಸರ್ ಅಗಲ 23.5 ಮಿಲಿಮೀಟರ್. 500 ಎಂಎಂನಲ್ಲಿ, 30 ಮೀಟರ್ ದೂರಕ್ಕೆ, ಫ್ರೇಮಿನ ಅಗಲ ಒಂದು ಮೀಟರ್ 41 ಸೆಂಟಿಮೀಟರ್. ಸ್ಯಾಂಡ್ ಪ್ಲವರ್ ಕೊಕ್ಕಿನಿಂದ ಬಾಲದವರೆಗೆ 19 ಸೆಂಟಿಮೀಟರ್ ಆಸುಪಾಸು. ಅಷ್ಟು ದೊಡ್ಡ ಫ್ರೇಮಿನಲ್ಲಿ ಅದು ಗೋಡೆಗೆ ಅಂಟಿದ ಹಲ್ಲಿ. ಅದೇ ಹಕ್ಕಿ 10 ಮೀಟರಿಗೆ ಬಂದರೆ ಫ್ರೇಮಿನ ಅಗಲ 47 ಸೆಂಟಿಮೀಟರ್, ಐದರಲ್ಲಿ ಎರಡು ಪಾಲು ಹಕ್ಕಿಯೇ. 600 ಎಂಎಂ ಇದ್ದರೆ ಒಳ್ಳೆಯದಿತ್ತು, 800 ಇದ್ದರೆ ಇನ್ನೂ ಒಳ್ಳೆಯದಿತ್ತು ಅಂತ ಲಕ್ಷ ಲೆಕ್ಕ ಹಾಕುವ ಬದಲು ಇಪ್ಪತ್ತು ಮೀಟರ್ ಹತ್ತಿರ ಬರಿಸಿಕೊಳ್ಳುವುದು ಅಗ್ಗ. ಬರಿಸಿಕೊಳ್ಳುವುದು ಅಂದೆ, ಹೋಗುವುದು ಅಲ್ಲ.

ಆದರೆ ಹತ್ತು ಮೀಟರಿನಲ್ಲಿ ಇನ್ನೊಂದು ಪೇಚು. ಎಫ್ 5.6ರಲ್ಲಿ, ಅಂದರೆ ಅಪರ್ಚರ್ ಪೂರ್ತಿ ತೆರೆದಾಗ, ಫೋಕಸ್ ಇರುವ ಆಳ ಒಂಬತ್ತು ಸೆಂಟಿಮೀಟರ್ ಅಷ್ಟೇ. ಹಕ್ಕಿ ಅಡ್ಡಕ್ಕೆ ನಿಂತರೆ ತೊಂದರೆ ಇಲ್ಲ. ನಿಮ್ಮ ಕಡೆ ತಿರುಗಿ ನಿಂತರೆ ಕಣ್ಣು ಸರಿ, ಬಾಲ ಮಬ್ಬು. ಅದನ್ನು ಕಿರಿದು ಮಾಡಿ ಎಫ್ 8ಕ್ಕೆ ಹೋದರೆ ಹದಿಮೂರು ಸೆಂಟಿಮೀಟರ್ ಹತ್ತಿರ ಸಿಗುತ್ತದೆ, ನಾನು ಬೆಳಕು ಇರುವವರೆಗೆ 7.1ರಲ್ಲಿ ಇಟ್ಟು, ಐದೂವರೆ ಆದ ಮೇಲೆ ಪೂರ್ತಿ ತೆರೆದು 5.6ಕ್ಕೆ ಬರುತ್ತೇನೆ. 200ರಿಂದ 500ರವರೆಗೂ ಅದೇ 5.6 ಸಿಗುವುದು ಈ ಲೆನ್ಸಿನ ಒಂದು ದೊಡ್ಡ ಸುಖ. ತೀಕ್ಷ್ಣತೆಗೆ ನನಗೆ ದೂರೇ ಇಲ್ಲ. 5.6ರಲ್ಲೇ ಪ್ಲವರಿನ ಕಣ್ಣ ಸುತ್ತಲಿನ ಸಣ್ಣ ಸಣ್ಣ ಗರಿ ಎಣಿಸುವ ಹಾಗೆ ಬರುತ್ತದೆ.

ಜೂಮ್ ರಿಂಗಿನ ಬಗ್ಗೆ ಮಾತ್ರ ನನಗೆ ಸಮಾಧಾನ ಇಲ್ಲ. 200ರಿಂದ 500ಕ್ಕೆ ಹೋಗಲು ಒಂದು ತಿರುವು ಸಾಲದು, ಕೈ ಬಿಟ್ಟು ಮತ್ತೆ ಹಿಡಿದು ತಿರುಗಿಸಬೇಕು, ಬಾವಿಯಿಂದ ನೀರು ಸೇದಿದ ಹಾಗೆ. ಒಂದು ಸಂಜೆ ವಿಂಬ್ರೆಲ್ ಬಂತು. ಉದ್ದ ಬಾಗಿದ ಕೊಕ್ಕು, ತಲೆಯ ಮೇಲೆ ಪಟ್ಟೆ, ಗತ್ತಿನ ನಡಿಗೆ. ಒಂದು ಬಿಲದ ಹತ್ತಿರ ನಿಂತು, ತಲೆ ಓರೆ ಮಾಡಿ ನೋಡಿ, ಕೊಕ್ಕನ್ನು ಬಿಲದ ತಿರುವಿಗೆ ಸರಿಯಾಗಿ ತಿರುಗಿಸಿ ಒಳಗೆ ತೂರಿಸಿತು. ಹೊರಗೆ ಬಂದಾಗ ತುದಿಯಲ್ಲಿ ಏಡಿ, ಒಂದು ಕೊಂಬು ಮಾತ್ರ ದೊಡ್ಡದಿರುತ್ತದಲ್ಲ, ಆ ಜಾತಿಯದ್ದು. ಅದನ್ನು ಹಾಗೇ ನುಂಗಲಿಕ್ಕೆ ಆಗುವುದಿಲ್ಲ. ಹಿಡಿದು ಝಾಡಿಸಿತು, ಬಟ್ಟೆ ಒಗೆದು ಕೊಡವಿದ ಹಾಗೆ. ಒಂದು ಕಾಲು ಆಚೆ ಹಾರಿತು, ದೊಡ್ಡ ಕೊಂಬು ಈಚೆ ಬಿತ್ತು, ಉಳಿದದ್ದು ಗುಳುಂ. ಇಷ್ಟೂ ನನ್ನಿಂದ ಏಳೆಂಟು ಮೀಟರ್ ದೂರದಲ್ಲಿ, ನಾನು 500ರಲ್ಲಿದ್ದೆ, ಫ್ರೇಮಿನಲ್ಲಿ ಬರೀ ಎದೆ ಮತ್ತು ಅರ್ಧ ಕೊಕ್ಕು. 350ಕ್ಕೆ ತಿರುಗಿಸುವಷ್ಟರಲ್ಲಿ ಊಟ ಮುಗಿದು ಹಕ್ಕಿ ಕೊಕ್ಕು ತೊಳೆಯುತ್ತಿತ್ತು. ಕೊಕ್ಕು ತೊಳೆಯುವ ಫೋಟೋ ಚೆನ್ನಾಗಿ ಬಂದಿದೆ, ಬೇಕಾದರೆ ತೋರಿಸುತ್ತೇನೆ.

ಫೋಕಸ್ ವೇಗ ಸಾಧಾರಣ. ನಡೆಯುವ, ಕುಕ್ಕುವ ಹಕ್ಕಿಗೆ ಧಾರಾಳ ಸಾಕು. ಗುಂಪಾಗಿ ಹಾರಿ ಬಂದು ತಿರುಗುವಾಗ ಒಮ್ಮೆ ಫೋಕಸ್ ತಪ್ಪಿದರೆ ಹತ್ತಿರಕ್ಕೂ ದೂರಕ್ಕೂ ಹುಡುಕಾಡಿ ವಾಪಸ್ ಬರುವಷ್ಟರಲ್ಲಿ ಗುಂಪು ಹಂಗಾರಕಟ್ಟೆಯಲ್ಲಿರುತ್ತದೆ. ಪಕ್ಕದಲ್ಲಿ ಒಂದು ಸ್ವಿಚ್ ಉಂಟು, ಆರು ಮೀಟರಿನ ಒಳಗೆ ಹುಡುಕಬೇಡ ಅಂತ ಹೇಳುವುದಕ್ಕೆ. ಅದನ್ನು ಹಾಕಿಟ್ಟರೆ ಎಷ್ಟೋ ವಾಸಿ. ಫೋಕಸ್ ಏರಿಯಾ ಗ್ರೂಪ್‌ನಲ್ಲಿ ಇಡುತ್ತೇನೆ, ಒಂದೇ ಬಿಂದು ಇಟ್ಟು ಓಡುವ ಪ್ಲವರಿನ ಕಣ್ಣಿಗೆ ಹಿಡಿಯುವ ಸಾಹಸ ನನ್ನ ಕೈಯಲ್ಲಿ ಆಗಿಲ್ಲ. ಶಟರ್ 1/1250 ಸೆಕೆಂಡ್ ಹತ್ತಿರ, ಹಾರುವುದಕ್ಕೆ 1/2000ಕ್ಕಿಂತ ಮೇಲೆ, ಐಎಸ್ಒ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಆಟೋ. ಬೆಳ್ಳಕ್ಕಿ ಫ್ರೇಮಿಗೆ ಬಂದರೆ ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಬೆಳಕು ಅರ್ಧಕ್ಕೆ, ಇಳಿಸಿ. ಹಿಂದೆ ಕೆಸರು ಕಪ್ಪಗಿರುವುದರಿಂದ ಕ್ಯಾಮೆರಾ ಬೆಳಕು ಜಾಸ್ತಿ ಮಾಡುತ್ತದೆ, ಹಕ್ಕಿ ಸುಣ್ಣ ಹೊಡೆದ ಹಾಗೆ ಆಗುತ್ತದೆ, ಗರಿಯೇ ಕಾಣುವುದಿಲ್ಲ.

ಟ್ರೈಪಾಡ್ ತೆಗೆದುಕೊಂಡು ಹೋಗಬೇಡಿ. ಎರಡು ಸಲ ಒಯ್ದೆ. ಕಾಲು ಕೆಸರಿನಲ್ಲಿ ಮೆಲ್ಲ ಮೆಲ್ಲ ಇಳಿಯುತ್ತದೆ, ಹಾರಿಜಾನ್ ಕುಡಿದವರ ಹಾಗೆ ವಾಲುತ್ತದೆ. ಅದಕ್ಕಿಂತ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯಬೇಕು, ಅಂದರೆ ನೆಲಕ್ಕೆ ಒಂದು ಗೇಣು ಮೇಲೆ. ಮಲಗಬೇಕು. ಡಿ7500ರ ಪರದೆ ಮೇಲಕ್ಕೆ ಮಡಚಿಕೊಳ್ಳುವುದರಿಂದ ಕತ್ತು ಉಳಿಯಿತು. ಲೆನ್ಸಿನ ಕೆಳಗೆ ಚೀಲ ಬೇಕು. ಅಂಗಡಿಯ ಬೀನ್ ಬ್ಯಾಗ್ ದುಬಾರಿ ಅನ್ನಿಸಿ ಹಳೆ ಟಾರ್ಪಾಲಿನ ತುಂಡು ಕೊಟ್ಟು ನಮ್ಮ ಬೀದಿಯ ಟೈಲರ್ ಹತ್ತಿರ ಹೊಲಿಸಿದೆ, ಒಳಗೆ ಎರಡು ಕಿಲೋ ಹುರುಳಿ ತುಂಬಿಸಿದೆ. ಚೆನ್ನಾಗಿ ಕೂರುತ್ತಿತ್ತು. ಒಂದು ದಿನ ಹೊಲಿಗೆಯ ಸಂದಿಯಿಂದ ನೀರು ಹೋಗಿದೆ, ನನಗೆ ಗೊತ್ತಾಗಲಿಲ್ಲ, ಕಾರಿನ ಡಿಕ್ಕಿಯಲ್ಲೇ ಬಿಟ್ಟಿದ್ದೆ. ನಾಲ್ಕನೆಯ ದಿನ ಡಿಕ್ಕಿ ತೆಗೆದರೆ ವಾಸನೆ! ಚೀಲ ಉಬ್ಬಿತ್ತು, ಅರ್ಧ ಹುರುಳಿ ಮೊಳಕೆ ಒಡೆದಿತ್ತು, ಉಳಿದರ್ಧ ಕೊಳೆತಿತ್ತು. ಅಮ್ಮ ಮೂಗು ಮುಚ್ಚಿಕೊಂಡು, "ಎರಡು ಕಿಲೋ ಹುರುಳಿಯಲ್ಲಿ ತಿಂಗಳಿಡೀ ಸಾರು ಮಾಡಬಹುದಿತ್ತು ಮಾರಾಯಾ" ಅಂದರು. ಆಮೇಲೆ ಭತ್ತದ ಹೊಟ್ಟು ಹಾಕಿ ನೋಡಿದೆ, ತೀರಾ ಹಗುರ, ಲೆನ್ಸು ಜಾರುತ್ತದೆ. ಈಗ ಚೀಲ ಖಾಲಿಯೇ ಒಯ್ಯುತ್ತೇನೆ, ಅಲ್ಲಿಯೇ ಒಣ ಮರಳು ತುಂಬಿಸಿ, ಜಿಪ್ ಹಾಕಿ, ಮೇಲೊಂದು ಹಳೆ ಟವೆಲ್. ಬರುವಾಗ ಸುರಿದು ಬರುತ್ತೇನೆ.

ಹಾಗೆ ಟವೆಲ್ ಹಾಸಿ ಮಲಗಿದ್ದಾಗ ಒಂದು ದಿನ ಮರುವಾಯಿ, ಅಂದರೆ ಕಪ್ಪೆಚಿಪ್ಪು, ಹೆಕ್ಕುವ ಅಕ್ಕ ಒಬ್ಬರು ಬಂದು ಬದಿಯಲ್ಲಿ ನಿಂತರು. "ಎಂತ ಮಾರಾಯ್ರೆ, ಬಿದ್ದದ್ದಾ?"

"ಇಲ್ಲ ಅಕ್ಕ, ಹಕ್ಕಿ ಫೋಟೋ."

"ಕೊರುಂಗಿನದ್ದಾ? ಅದಕ್ಕೆ ಇಷ್ಟು ದೊಡ್ಡ ಕೊಳವೆಯಾ?" ಅಂತ ನಕ್ಕು (ಕೊರುಂಗು ಅಂದರೆ ತುಳುವಿನಲ್ಲಿ ಕೊಕ್ಕರೆ), ಮತ್ತೆ ಹಿಂದೆ ತಿರುಗಿ ನೋಡಿ, "ಫೋಟೋ ಎಲ್ಲ ಆಯಿತು, ನೀವು ಮನೆಗೆ ಹೋಗುವುದು ಹೇಗೆ?" ಅಂದರು. ತಿರುಗಿ ನೋಡಿದರೆ ನಾನಿದ್ದ ದಿಬ್ಬಕ್ಕೂ ದಡಕ್ಕೂ ನಡುವೆ ನೀರು ತುಂಬಿಯಾಗಿತ್ತು. ನಮ್ಮ ಕಡೆ ಭರತ ಗುಜರಾತಿನಷ್ಟು ದೊಡ್ಡದಲ್ಲ, ಒಂದರಿಂದ ಒಂದೂವರೆ ಮೀಟರ್, ಆದರೆ ಲೆನ್ಸು ಮುಳುಗಲಿಕ್ಕೆ ಒಂದು ಗೇಣು ಸಾಕು. ಅಕ್ಕ ಮುಂದೆ ನಡೆದರು, ಎಲ್ಲಿ ಗಟ್ಟಿ ನೆಲ ಅಂತ ಅವರ ಕಾಲಿಗೆ ಗೊತ್ತು, ನಾನು ಕ್ಯಾಮೆರಾ ತಲೆಯ ಮೇಲೆ ಹೊತ್ತುಕೊಂಡು ಹಿಂದೆ. ಸೊಂಟದವರೆಗೆ ಒದ್ದೆ. ನೀರು ಎದುರಿನಿಂದ ಮಾತ್ರ ಬರುವುದಿಲ್ಲ, ಹಿಂದಿನ ತಗ್ಗಿನಿಂದಲೂ ಬರುತ್ತದೆ ಅನ್ನುವುದು ಯಾವ ಮೊಬೈಲ್ ಆ್ಯಪಿನಲ್ಲೂ ಕಾಣುವುದಿಲ್ಲ.

ಫೋಟೋ ಎಲ್ಲ ಮಬ್ಬು, ಲೆನ್ಸಿಗೆ ಏನೋ ಆಗಿದೆ ಅಂತ ಅಂದುಕೊಳ್ಳುವವರು ಒಂದು ವಿಷಯ ನೋಡಿ. ಮೂರೂವರೆ ನಾಲ್ಕು ಗಂಟೆಗೆ ಮರಳು ಕಾದಿರುತ್ತದೆ, ಅದರ ಮೇಲಿನ ಗಾಳಿ ಕುಣಿಯುತ್ತದೆ, ದೋಸೆ ಕಾವಲಿಯ ಮೇಲೆ ಕಾಣುತ್ತದಲ್ಲ ಹಾಗೆ. 40 ಮೀಟರ್ ಆಚೆಯ ಹಕ್ಕಿಯನ್ನು ಆ ಗಾಳಿಯ ಮೂಲಕ ತೆಗೆದರೆ ಯಾವ ಲೆನ್ಸೂ ಏನೂ ಮಾಡಲಿಕ್ಕಾಗದು. ನೆಲಕ್ಕೆ ತಾಗಿ ಮಲಗಿ ತೆಗೆದರೆ ಇನ್ನೂ ಜಾಸ್ತಿ. ನಾನು ಈ ಕಾರಣಕ್ಕೇ ಲೆನ್ಸನ್ನು ರಿಪೇರಿಗೆ ಕೊಡುವವನಿದ್ದೆ! ನಾಲ್ಕೂವರೆ ಕಳೆದ ಮೇಲೆ, ಒದ್ದೆ ಕೆಸರಿನ ಮೇಲೆ, ಹತ್ತಿರದ ಹಕ್ಕಿ ತೆಗೆದು ನೋಡಿ, ಆಮೇಲೆ ಬೈಯಿರಿ.

ಉಪ್ಪು ಗಾಳಿಯದ್ದು ಬೇರೆಯೇ ಕತೆ. ಜೂಮ್ ಮಾಡಿದಾಗ ಮುಂದಿನ ಕೊಳವೆ ಹೊರಗೆ ಬರುತ್ತದೆ, ಅದರ ಮೇಲೆ ಉಪ್ಪು, ಸಣ್ಣ ಮರಳು ಕೂರುತ್ತದೆ. ಹಾಗೇ ಒಳಗೆ ಎಳೆದರೆ ಮರಳೂ ಒಳಗೆ. ನಾನು 500ಕ್ಕೆ ಚಾಚಿ, ಬ್ರಶ್ ಆಡಿಸಿ, ಚೂರು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿಯೇ ಒಳಗೆ ತರುವುದು. ಲೆನ್ಸಿನ ತುದಿಗೆ ಹಾಕುವ ಹುಡ್ ಒಂದು ಸಲ ನಾನೇ ಸರಿಯಾಗಿ ತಿರುಗಿಸದೆ ಕೆಸರಿಗೆ ಬಿತ್ತು, ಈಗ ಟೇಪು ಸುತ್ತಿದ್ದೇನೆ. ಮುಂದಿನ ಗಾಜಿಗೆ 95 ಎಂಎಂ ಫಿಲ್ಟರ್ ಬೇಕು, ಅದರ ಬೆಲೆ ಕೇಳಿ ಸುಮ್ಮನಾದೆ. ಕಾರಿನಲ್ಲಿ ಎಸಿ ಹಾಕಿಕೊಂಡು ಹೋಗಬೇಡಿ, ಇಳಿದ ಕೂಡಲೇ ಗಾಜಿನ ಮೇಲೆ ಬೆವರು ಕೂರುತ್ತದೆ, ಅದು ಹೋಗುವವರೆಗೆ ಹಕ್ಕಿ ಕಾಯುವುದಿಲ್ಲ. ಮನೆಯಲ್ಲಿ ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮೀಟರ್. ಮುಳ್ಳು 40–50ರ ನಡುವೆ ಇದ್ದರೆ ಸಾಕು.

ಯಾರಿಗೆ ಬೇಡ ಅಂತ ಕೇಳಿದರೆ, ಬೆನ್ನು ನೋವು ಇರುವವರಿಗೆ ಬೇಡ, ನಡೆಯುತ್ತಾ ಕಾಡು ಹಕ್ಕಿ ತೆಗೆಯುವವರಿಗೂ ಬೇಡ. ಸಿಗ್ಮಾ 150–600 ಕಂಟೆಂಪರರಿ 1930 ಗ್ರಾಂ, ಅದೂ ಹಗುರವೇನಲ್ಲ, ಆದರೆ ಕೈಗೆ ವ್ಯತ್ಯಾಸ ಗೊತ್ತಾಗುತ್ತದೆ, 100 ಎಂಎಂ ಜಾಸ್ತಿಯೂ ಸಿಗುತ್ತದೆ. ಕೆಳಗೆ ಇಟ್ಟು ಕೂತು ತೆಗೆಯುವವರಿಗೆ ನಾನು ಇದನ್ನೇ ಹೇಳುವುದು. ಐದರಲ್ಲಿ ನಾಲ್ಕು ನಕ್ಷತ್ರ, ಕಳೆದ ಒಂದು ಜೂಮ್ ರಿಂಗಿಗೆ.

ಒಂದು ವಿನಂತಿ, ಇದು ಲೆನ್ಸಿನ ವಿಷಯ ಅಲ್ಲ. ಭರತ ಪೂರ್ತಿ ಆದಾಗ ಹಕ್ಕಿಗಳೆಲ್ಲ ಉಳಿದ ಒಂದು ತುಂಡು ಮರಳಿನಲ್ಲಿ ಒತ್ತೊತ್ತಾಗಿ ನಿಂತು ನಿದ್ದೆ ಮಾಡುತ್ತವೆ. ಆಗ ಕಲ್ಲು ಬಿಸಾಡಿ ಎಬ್ಬಿಸಿ, ಗುಂಪು ಹಾರುವ ಫೋಟೋ ತೆಗೆಯುವವರನ್ನು ನೋಡಿದ್ದೇನೆ. ಏಪ್ರಿಲ್ ಒಳಗೆ ಅವು ಮೈಯಲ್ಲಿ ಕೊಬ್ಬು ತುಂಬಿಕೊಂಡು ವಾಪಸ್ ಹೋಗಬೇಕು, ಎಬ್ಬಿಸಿದಷ್ಟೂ ಅದು ಖರ್ಚು. ಹಾರುವ ಫೋಟೋ ಬೇಕಾದರೆ ಕಾಯಿರಿ, ಬಾರ್ಜ್ ಬರುತ್ತದೆ, ಅಥವಾ ಗಿಡುಗ ಬರುತ್ತದೆ, ಅವೇ ಏಳುತ್ತವೆ.

ಬರುವವರು ಇದ್ದರೆ ಹಳೆ ಕ್ಯಾನ್ವಾಸ್ ಶೂ ಹಾಕಿ ಬನ್ನಿ, ಚಪ್ಪಲಿ ಬೇಡ. ನನ್ನ ಇನ್ನೊಂದು ಕಾಲಿನದ್ದು ಮನೆಯಲ್ಲಿ ಹಾಗೇ ಬಿದ್ದಿದೆ.